ಕೊರಳ ಲಿಂಗ ಮುಟ್ಟಿ ಕೊಟ್ಟ ಮಾತು

ಹುಣಸಿಕೊಪ್ಪ, ತಾ. ಹಳಿಯಾಳ
೨೪ ಆಗಸ್ಟ್ ೨೦೨೪

ಚಿರಂಜೀವಿ ತಮ್ಮ ಸಂಜೀವಕುಮಾರನಿಗೆ,

ನಿನ್ನ ಅಕ್ಕ ತಾಯವ್ವನ ತುಂಬುಮನಸ್ಸಿನ ಆಶೀರ್ವಾದ. ನಾವಿಲ್ಲಿ ಉಂಡು ತಿಂದು ಅಡ್ಡಾಡಿಕೊಂಡಿದ್ದೇವೆ. ಪೂರ್ಣಿಮಾ, ಮಕ್ಕಳು ಎಲ್ಲರೂ ಚೆನ್ನಾಗಿದ್ದಾರೆಂದು ತಿಳಿದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಅದಕ್ಕೆ ಸಿಟ್ಟಾಗಬೇಡ. ಸಿಟ್ಟಾಗಲಿಕ್ಕೆ ಬೇರೆ ಕಾರಣ ನಿನಗೆ ಬೇಕಾದಷ್ಟಿವೆ. ಮೊದಲು ಬರೆದದ್ದರಲ್ಲಿ ಬರೀ ಬೈಗುಳವೇ ತುಂಬಿತ್ತು. ಅದನ್ನು ಬಚ್ಚಲೊಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪೂರ್ಣಿಮಾಗೆ ಮಾಡಿದರೆ, ಅವರು ಮೀಟಿಂಗಿನಲ್ಲಿದ್ದಾರೆ ಅಕ್ಕಾರ ಅನ್ನುತ್ತಾಳೆ. ಪಾಪ, ಆಕೆಯಾದರೂ ಏನು ಹೇಳಿಯಾಳು. ಮುಂಡಗೋಡದಲ್ಲಿ ದಿನಾ ಅಷ್ಟು ಮೀಟಿಂಗು ನಡೆದಿದ್ದರೆ ಊರು ಇಷ್ಟೊತ್ತಿಗೆ ದಿಲ್ಲಿ ಆಗಬೇಕಿತ್ತು.

ಇಲ್ಲಿ ಮಳೆ ಜೋರು. ಸೂಪಾ ಡ್ಯಾಮು ತುಂಬುತ್ತ ಬಂದಿದೆ, ಕಾಳಿ ಹೊಳೆಯ ದಂಡೆಯವರು ಹುಷಾರಾಗಿರಬೇಕೆಂದು ಡಂಗುರ ಸಾರಿದ್ದಾರೆ. ಕಬ್ಬು ಎದೆಮಟ್ಟ ಬಂದಿದೆ. ನಮ್ಮ ಯಜಮಾನರು, ನಿಮ್ಮ ಮಾಮಾ, ಮೊಣಕಾಲು ಹಿಡಿದುಕೊಂಡೇ ಹೊಲಕ್ಕೆ ಹೋಗುತ್ತಾರೆ, ಹೇಳಿದರೆ ಕೇಳುವುದಿಲ್ಲ. ಹಟದಲ್ಲಿ ನಮ್ಮ ಮನೆಯಲ್ಲಿ ಯಾರೂ ಕಡಿಮೆ ಇಲ್ಲ ಬಿಡು.

ಅಕ್ಕನ ತಲೆ ಯಾರೋ ಕೆಡಿಸಿದ್ದಾರೆಂದು ನೀನು ಹೋದಲ್ಲೆಲ್ಲ ಹೇಳುತ್ತಿದ್ದೀಯಂತೆ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ಬಂದು, ಯಾರು ನಿಮಗೆ ಮಾಟ ಮಾಡಿಸಿದ್ದು ಅಂತ ಕೇಳಿದಳು. ಯಾರೂ ಏನೂ ಮಾಡಿಸಿಲ್ಲ, ತಮ್ಮಾ. ನೀನು ಹೇಳುವ ಕಥೆ ನಾನು ರಾಜೀನಾಮೆ ಕೊಟ್ಟಲ್ಲಿಂದ ಶುರುವಾಗುತ್ತದೆ. ನಾನು ಮೊದಲಿನಿಂದ ಹೇಳುತ್ತೇನೆ, ಕೇಳು.

ಹೋದ ವರ್ಷ ಇದೇ ಮಳೆಗಾಲ. ನಮ್ಮ ಪಂಚಾಯ್ತಿಯಲ್ಲಿ ಒಂಬತ್ತು ಮಂದಿ. ಚಿಹ್ನೆ ಇಲ್ಲದ ಚುನಾವಣೆ ಅಂತ ಹೆಸರಿಗೆ, ಯಾರು ಯಾವ ಪಕ್ಷ ಅಂತ ನಾಯಿಗೂ ಗೊತ್ತು. ನೀನು ಮುಖಂಡನಾಗಿರುವ ಪಕ್ಷದವರು ಮೂವರೇ: ನಾನು, ಶಂಕ್ರೆವ್ವ, ಶಂಕ್ರಪ್ಪ. ಎದುರು ಪಕ್ಷದವರು ಇಬ್ಬರು. ಉಳಿದ ನಾಲ್ವರು ಯಾರ ಪೈಕಿಯೂ ಅಲ್ಲ: ಸಿದ್ದಿಕೇರಿಯ ಗೋದುಬಾಯಿ, ಗೌಳಿವಾಡೆಯ ಧೋಂಡು, ಖತೀಜಾಬಿ, ಮತ್ತು ಕಾಗದ ಗಿರಣಿಯ ಕೆಲಸಕ್ಕೆಂದು ಬೆಳಗಾವಿ ಕಡೆಯಿಂದ ಬಂದು ಇಲ್ಲೇ ನಿಂತ ಸಾತಪ್ಪ. ಅವರಿಲ್ಲದೆ ನಿನ್ನ ಕೈಗೆ ಅಧ್ಯಕ್ಷಗಿರಿ ಬರುತ್ತಿರಲಿಲ್ಲ. ಹೆಂಗಸರ ಸೀಟು. ಮೊದಲ ಒಂದು ವರ್ಷ ತಾಯವ್ವ, ಆಮೇಲೆ ಅವಧಿ ಮುಗಿಯುವವರೆಗೆ ಗೋದುಬಾಯಿ. ಈ ಒಪ್ಪಂದ ಮಾಡಿದವನು ನೀನೇ.

ಎದುರಿನವರು ಹೊಡೆದುಕೊಂಡು ಹೋಗಬಾರದೆಂದು ನಮ್ಮನ್ನೆಲ್ಲ ಎರಡು ಗಾಡಿಯಲ್ಲಿ ತುಂಬಿ ದಾಂಡೇಲಿಯ ರೆಸಾರ್ಟಿಗೆ ಒಯ್ದೆ. ಗೋದುಬಾಯಿ ಹುಟ್ಟಿ ಬೆಳೆದದ್ದೇ ಆ ಕಾಡಿನಲ್ಲಿ. ಆಕೆಗೆ ಕಾಡು ತೋರಿಸಲು ಜೀಪು ತರಿಸಿದ್ದೆ ನೀನು, ನಾವು ನಕ್ಕು ನಕ್ಕು ಸುಸ್ತಾದೆವು. ಖತೀಜಾಬಿ ನದಿ ಕಂಡೇ ಹೆದರಿ ಕೋಣೆಯಲ್ಲಿ ಕೂತರೂ ದೋಣಿ ಹತ್ತಲೆಂದು ಕೊಟ್ಟ ಆ ಕೇಸರಿ ಬಣ್ಣದ ಜಾಕೀಟು ಬಿಚ್ಚಲಿಲ್ಲ. ನಿಜ ಹೇಳುತ್ತೇನೆ, ಅಂಥ ಸುಖದ ದಿನ ನಾನು ಕಂಡಿರಲಿಲ್ಲ. ನಾಲ್ಕು ಥರದ ಮಾತು, ನಾಲ್ಕು ಥರದ ಅಡಿಗೆ, ಒಂದೇ ಜಮಖಾನೆ.

ಆಮೇಲೆ ನೀನು ಆಣೆಯ ತಟ್ಟೆ ತರಿಸಿದೆ. ಅವರವರ ದೇವರನ್ನು ಅವರವರು ಮುಟ್ಟಿ ಮಾತು ಕೊಡಬೇಕು, ಅದು ನಿಮ್ಮ ರಾಜಕಾರಣದ ರೂಢಿ. ಧೋಂಡು, ಸಾತಪ್ಪ ತಮ್ಮ ದೇವರ ಭಂಡಾರದ ಅರಿಷಿಣ ಹಿಡಿದರು. ಖತೀಜಾಬಿ, ಕುರಾನು ಹೀಗೆಲ್ಲ ತಟ್ಟೆಯಲ್ಲಿಡುವುದಲ್ಲ, ಅಲ್ಲಾಹನ ಹೆಸರು ಹೇಳುತ್ತೇನೆ ಸಾಕು ಅಂದಳು. ಗೋದುಬಾಯಿಗೆ ಅವರ ಹಿರಿಯರ ಹೆಸರಿನಲ್ಲಿ ನೀನು ಒಂದು ತೆಂಗಿನಕಾಯಿ ಇಟ್ಟಿದ್ದೆ. ಆಕೆ ಕೈ ಚಾಚಿದವಳು ಹಿಂದೆ ತೆಗೆದುಕೊಂಡು, ನಿಮ್ಮ ಮೂವರ ಆಣೆ ಎಲ್ಲಿ ಅಂತ ಕೇಳಿದಳು. ನೀನು ನಕ್ಕೆ.

"ನಮ್ಮವ್ರು ನಮ್ಮವ್ರ ಅದಾರ. ಅವರಿಗೆ ಆಣಿ ಯಾಕ ಬೇಕು?"

"ತಾಯಕ್ಕಾರು ಮುಟ್ಟಿದ್ರ ನಾನೂ ಮುಟ್ತೇನಿ," ಅಂದಳು ಗೋದುಬಾಯಿ. "ಇಲ್ಲಾಂದ್ರ ಇಲ್ಲ."

ಶಂಕ್ರಪ್ಪ ಕೆಮ್ಮಿ ಹೊರಗೆ ಹೋದ. ಶಂಕ್ರೆವ್ವ ಸೆರಗು ಸರಿಮಾಡಿಕೊಂಡಳು. ನಾನು ಕೊರಳ ಲಿಂಗ ಕೈಯಲ್ಲಿ ಹಿಡಿದು, ವರ್ಷ ತುಂಬಿದ ದಿನ ಕುರ್ಚಿ ಬಿಟ್ಟು ಗೋದುಬಾಯಿಗೆ ಕೊಡುತ್ತೇನೆ ಅಂದೆ. ಯಾರೂ ನನ್ನ ಕೈ ಹಿಡಿದು ಮುಟ್ಟಿಸಿರಲಿಲ್ಲ. ನೀನು ಎದುರಿಗೇ ಇದ್ದೆ, ಚಪ್ಪಾಳೆ ಬೇರೆ ತಟ್ಟಿದೆ.

ವರ್ಷ ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬುತ್ತ ಬಂತು. ಮೊದಲು ಲೋಕಸಭೆ ಚುನಾವಣೆ ಮುಗಿಯಲಿ ಅಂದೆ ನೀನು. ಮುಗಿಯಿತು. ದಿಲ್ಲಿಯಲ್ಲಿ ಎಷ್ಟು ಪಕ್ಷ ಕೂಡಿ ಸರಕಾರ ಮಾಡುತ್ತವೆಂದು ನಮ್ಮ ಮನೆಯ ಟಿವಿ ಮುಂದೆ ಕೂತು ಬೆರಳು ಮಡಚಿದವನು ನೀನು, ಅವರು ಒಬ್ಬರಿಗೊಬ್ಬರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ಅಂತ ಚಿಂತೆ ಮಾಡಿದವನೂ ನೀನೇ. ಹಾಗಾದರೆ ನಮ್ಮ ಮಾತು ಏನಾಯಿತು ಅಂತ ನಾನು ಚಹಾ ಕೊಡುತ್ತ ಕೇಳಿದೆ. ನೀನು ಕಪ್ಪು ಕೆಳಗಿಟ್ಟೆ.

"ಆ ಆಣಿ ಅವರನ್ನ ಹಿಡಿದಿಡಾಕ ಮಾಡಿಸಿದ್ದು, ಅಕ್ಕಾ. ನಿನಗಲ್ಲ. ನಾಳೆ ನಮ್ಮ ಮಂದಿ ಒಂದು ಸಹಿ ಬೇಕಂದ್ರ ಆ ಸಿದ್ದಿ ಹೆಂಗಸಿನ ಮುಂದ ಹೋಗಿ ನಿಂದ್ರಬೇಕೇನು?"

"ನಿಂದ್ರಲಿ. ಆಕಿ ವರ್ಷಗಟ್ಲೆ ನಮ್ಮ ಮುಂದ ನಿಂತಿಲ್ಲೇನು?"

ಅಲ್ಲಿಗೆ ಮಾತು ಮುಗಿಯಿತು. ಮರುದಿನ ನಾನು ಹೋಗಿ ಎ.ಸಿ. ಸಾಹೇಬರ ಕಚೇರಿಯಲ್ಲಿ ರಾಜೀನಾಮೆ ಕೊಟ್ಟು ಬಂದೆ. ಹತ್ತು ದಿನದೊಳಗೆ ವಾಪಸು ತೆಗೆದುಕೊಳ್ಳಬಹುದು ಅಂತ ಕಾನೂನಿದೆಯಂತೆ. ಆ ಹತ್ತೂ ದಿನ ನಮ್ಮ ಪಡಸಾಲೆ ಖಾಲಿ ಆಗಲಿಲ್ಲ. ನೀನು ಕಳಿಸಿದ ಹಿರಿಯರು ಬಂದರು, ನಮ್ಮ ಬೀಗರು ಬಂದರು. ಸಮಾಜದ ಮರ್ಯಾದೆ ಅಂದರು. ಲಿಂಗ ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಸಮಾಜದ ಮರ್ಯಾದೆ ಎಷ್ಟು ಉಳಿಯುತ್ತದೆ ಅಂತ ನಾನು ಕೇಳಿದರೆ ಅವಲಕ್ಕಿ ತಿನ್ನುತ್ತ ಕೂತರು. ಕಡೆಗೆ ನಿಮ್ಮ ಮಾಮಾಗೆ ಗಂಟು ಬಿದ್ದರು, ಹೆಂಡತಿಗೆ ಬುದ್ಧಿ ಹೇಳು ಸಿದ್ದಲಿಂಗ ಅಂತ. ಅವರು ಎದ್ದು ಎತ್ತಿಗೆ ನೀರು ಕುಡಿಸಲು ಹೋದರು. ಹೋಗುವಾಗ ಒಂದೇ ಮಾತು, ಮಾತು ಕೊಟ್ಟಾಕಿ ಆಕಿ, ನಾ ಏನ ಹೇಳ್ಲಿ ಅಂದರು.

ಗೋದುಬಾಯಿ ಕುರ್ಚಿಗೆ ಬಿದ್ದು ಸಾಯುತ್ತಾಳೆಂದು ನೀನು ತಿಳಿದಿದ್ದೀಯ. ನಲ್ಲಿಯ ಪೈಪು ನಮ್ಮ ಓಣಿಯ ತುದಿಗೆ ಬಂದು ನಿಂತಿದೆ, ಸಿದ್ದಿಕೇರಿಗೆ ಹೋಗಿಲ್ಲ. ನಾನು ಅಧ್ಯಕ್ಷೆ ಇದ್ದಾಗ ಸಭೆ ಸಭೆಗೂ ಎತ್ತಿದೆ. ಆಗಲಿ ನೋಡೋಣ, ಮುಂದಿನ ಸಲ ಅಂತ ನಮ್ಮವರೇ ತಳ್ಳಿದರು. ಈ ಮಳೆಯಲ್ಲೂ ಅಲ್ಲಿಯ ಹೆಂಗಸರು ಕೆಂಪು ನೀರನ್ನು ಸೀರೆಯಲ್ಲಿ ಸೋಸಿಕೊಂಡು ಕುಡಿಯುತ್ತಾರೆ. ಆಕೆಗೆ ಬೇಕಾಗಿರುವುದು ಆ ಪೈಪು.

ಮತ್ತೆ ಅಧ್ಯಕ್ಷರ ಚುನಾವಣೆ ಬಂತು. ಆಗ ನೀನು ಮಾಡಿದ್ದಿದೆಯಲ್ಲ, ಅದಕ್ಕೆ ನನಗೆ ಇನ್ನೂ ಮೈ ಉರಿಯುತ್ತದೆ. ಯಾರನ್ನು ನೀನು ವೇದಿಕೆ ಹತ್ತಿ ಕಳ್ಳರು, ಲಫಂಗರು ಅಂತ ಬೈದಿದ್ದೆಯೋ ಆ ಎದುರು ಪಕ್ಷದ ಇಬ್ಬರ ಕೈ ಹಿಡಿದು ಶಂಕ್ರೆವ್ವನನ್ನು ನಿಲ್ಲಿಸಿದೆ. ಅವರಿಬ್ಬರು, ನಾವು ಮೂವರು, ಐದಾಯಿತು ಅಂತ ನಿನ್ನ ಲೆಕ್ಕ. ಸಿದ್ದಿ ಹೆಂಗಸು ಬೇಡ ಅನ್ನುವುದೊಂದಕ್ಕೆ ಎರಡು ಪಕ್ಷಗಳಿಗೂ ಎಷ್ಟು ಬೇಗ ಒಮ್ಮತ ಬಂತು, ನೋಡು! ನನ್ನನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಅಕ್ಕ ಎಲ್ಲಿಗೆ ಹೋದಾಳು ಅಂದುಕೊಂಡೆ.

ಗುಪ್ತ ಮತದಾನ. ಐದು ಓಟು ಗೋದುಬಾಯಿಗೆ, ನಾಲ್ಕು ಶಂಕ್ರೆವ್ವಗೆ. ಸಾಹೇಬರು ಓದಿದಾಗ ಪಂಚಾಯ್ತಿ ಮುಂದೆ ನಿಂತಿದ್ದ ನಿನ್ನ ಮುಖ ಕಿಟಕಿಯಲ್ಲಿ ಕಂಡಿತು. ಆ ಐದನೆಯ ಓಟು ಯಾರು ಹಾಕಿದರೆಂದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ನೀನು ಸಾಯುವ ತನಕ ಶಂಕ್ರಪ್ಪನ ಮೇಲೆ ಸಂಶಯಪಟ್ಟುಕೊಂಡು ಇರಬಹುದಿತ್ತು, ನಾನು ತೆಪ್ಪಗೆ ಕೂತಿದ್ದರೆ. ನಾನು ಹೊರಗೆ ಬಂದು ಮಂದಿಯ ನಡುವೆ ನಿನ್ನ ಹತ್ತಿರ ನಿಂತು ಹೇಳಿದೆ.

"ನಾ ಹಾಕೇನಿ, ಸಂಜು. ನಾಳೆ ಮತ್ತ ಚುನಾವಣಿ ಆದ್ರೂ ಆಕಿಗೇ ಹಾಕ್ತೇನಿ."

ನೀನು ತಿರುಗಿ ಕಾರು ಹತ್ತಿದೆ. ಮರುದಿನ ನನ್ನನ್ನು ಪಕ್ಷದಿಂದ ತೆಗೆದಿದ್ದೇವೆಂದು ಪೇಪರಿಗೆ ಕೊಟ್ಟೆ. ನನ್ನ ಫೋಟೋ ಚೆನ್ನಾಗಿ ಬಂದಿದೆ, ಯಾವುದೋ ಮದುವೆಯದು. ಪಕ್ಷ ನಿನ್ನದು, ತೆಗೆದೆ, ಸರಿ. ಅದಕ್ಕೆ ನಾನು ಅತ್ತೂ ಇಲ್ಲ, ಕರೆದೂ ಇಲ್ಲ. ಕ್ಷಮೆ ಕೇಳಿ ಬರೆದುಕೊಟ್ಟರೆ ವಾಪಸು ತೆಗೆದುಕೊಳ್ಳುತ್ತಾರೆಂದು ಶಂಕ್ರಪ್ಪ ಹೇಳಿ ಕಳಿಸಿದ್ದಾನೆ. ಯಾವ ತಪ್ಪಿಗೆ ಅಂತ ಅವನನ್ನೇ ಕೇಳಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಗೋದುಬಾಯಿಯ ಮೊದಲ ಸಭೆ ಹೋದ ವಾರ ಆಯಿತು. ನಮ್ಮ ಓಣಿಯ ಗಂಡಸರು ಸಹಿಗೆ ಬಂದಿದ್ದರು. ಆಕೆ ಎಲ್ಲರಿಗೂ ಕುರ್ಚಿ ಹಾಕಿಸಿದಳು, ಯಾರನ್ನೂ ನಿಲ್ಲಿಸಲಿಲ್ಲ. ಕೂಡುವುದೋ ಬಿಡುವುದೋ ತಿಳಿಯದೆ ಅವರು ಒದ್ದಾಡಿದ್ದನ್ನು ನೀನು ನೋಡಬೇಕಿತ್ತು. ಪೈಪಿನ ಕೆಲಸ ಮಳೆ ನಿಂತ ಮೇಲೆ ಶುರು.

ಹುಷಾರಾಗಿರು. ಕಾರು ನಿಧಾನ ಓಡಿಸು, ಊಟ ಹೊತ್ತಿಗೆ ಸರಿಯಾಗಿ ಮಾಡು. ಪೂರ್ಣಿಮಾಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ನೀನು ಇನ್ನೂ ದೊಡ್ಡವನಾಗು, ಮಂತ್ರಿಯಾಗು. ಆದರೆ ಆಡಿದ ಮಾತು ಉಳಿಸಿಕೊಳ್ಳುವ ಮಂತ್ರಿಯಾಗು.

ಇಂತು ನಿನ್ನ ಒಳಿತನ್ನೇ ಬಯಸುವ ಅಕ್ಕ,
ತಾಯವ್ವ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಸಲ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಯಾರೂ ಬರಲಿಲ್ಲ. ನನ್ನ ಮದುವೆಯಾದಾಗಿನಿಂದ ನೀನು ಒಂದು ವರ್ಷವೂ ತಪ್ಪಿಸಿದವನಲ್ಲ. ಅವ್ವ ತೀರಿಕೊಂಡ ವರ್ಷವೂ ಬಂದಿದ್ದೆ. ನಾನು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಹೊಸ ಸೀರೆ ಉಟ್ಟು, ಚೀಲ ಬಾಗಿಲಿಗಿಟ್ಟುಕೊಂಡು ಕೂತಿದ್ದೆ. ಕಾರಿನ ಸಪ್ಪಳ ಆದಾಗಲೆಲ್ಲ ಎದ್ದೆ. ನಾನೇ ಬಿಟ್ಟು ಬರುತ್ತೇನೆ ನಡೆ ಅಂತ ನಿಮ್ಮ ಮಾಮಾ ಅಂದರು. ಕರೆಯದ ತವರಿಗೆ ಗಂಡನ ಬೆನ್ನು ಹತ್ತಿ ಹೋಗಲೇನು? ಸೀರೆ ಬಿಚ್ಚಿ ಮಡಚಿಟ್ಟು, ಒಲೆಯ ಮುಂದೆ ಕೂತು ಅತ್ತುಬಿಟ್ಟೆ, ಹೊಗೆ ಅಂತ ಅವರಿಗೆ ಸುಳ್ಳು ಹೇಳಿದೆ. ಪಕ್ಷದಿಂದ ತೆಗೆ ತಮ್ಮಾ, ನಾನು ಕೇಳುವುದಿಲ್ಲ. ತವರಿನಿಂದ ತೆಗೆಯುವ ಅಧಿಕಾರ ನಿನ್ನ ಪಕ್ಷಕ್ಕೆ ಯಾರು ಕೊಟ್ಟರು? ಮುಂದಿನ ಪಂಚಮಿಗೂ ನೀನು ಬರದಿದ್ದರೆ ನಾನೇ ಮುಂಡಗೋಡದ ಬಸ್ಸು ಹತ್ತುತ್ತೇನೆ. ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕೂತು ಅಲ್ಲಿಯೇ ಬುತ್ತಿ ಬಿಚ್ಚಿ ಉಣ್ಣುತ್ತೇನೆ. ಓಣಿಯವರೆಲ್ಲ ನೋಡಲಿ.