ಹನ್ನೊಂದನೆಯ ಹೆಸರು

ಹಾವೇರಿ
೨೭ ಏಪ್ರಿಲ್ ೨೦೨೩, ಗುರುವಾರ

ಏನ್ರಿ,

ಎರಡು ವರ್ಷದಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಯಾವ ವಿಳಾಸಕ್ಕೆ ಕಳಿಸಬೇಕೋ ತಿಳಿಯದು. ನೀವು ಎಲ್ಲಿದ್ದೀರಿ, ಇದ್ದೀರೋ ಇಲ್ಲವೋ ಎಂಬುದೇ ಗೊತ್ತಿಲ್ಲದಾಗ ವಿಳಾಸದ ಮಾತೆಲ್ಲಿ ಬಂತು. ಆದರೂ ಬರೆಯುತ್ತೇನೆ.

ನಾನು ಇಲ್ಲಿ ಜಿಲ್ಲಾ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುವುದು ನಿಮಗೆ ಗೊತ್ತು. ನಮ್ಮಿಬ್ಬರಿಗೆ ಜಗಳ ಹತ್ತಿದ್ದೇ ಆ ಕೆಲಸದ ಸಲುವಾಗಿ. ಸುಡಾನಿನಲ್ಲಿ ಗುಂಡು ಹಾರತೊಡಗಿದ ಮೂರನೆಯ ದಿನ, ಅಲ್ಲಿ ಸಿಕ್ಕಿಬಿದ್ದಿರುವ ನಮ್ಮ ಜಿಲ್ಲೆಯವರ ಪಟ್ಟಿ ಇಡುವ ಕೆಲಸ ನನ್ನ ಮೇಜಿಗೆ ಬಂತು. ಉಳಿದವರೆಲ್ಲ ಚುನಾವಣೆಯ ಓಡಾಟದಲ್ಲಿದ್ದರು. ಒಂದು ಫೋನು, ಒಂದು ಕಂಪ್ಯೂಟರು, ನಾನು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ನಿನ್ನೆ ಇದ್ದ ಜಾಗ, ಇಂದು ಇರುವ ಜಾಗ, ಕುಡಿಯಲು ನೀರಿದೆಯೇ, ಮೊಬೈಲಿನಲ್ಲಿ ಚಾರ್ಜ್ ಎಷ್ಟು ಉಳಿದಿದೆ. ದಿನಕ್ಕೆ ಎರಡು ಸಲ ಕೇಳಿ ತುಂಬುವುದು, ಬೆಂಗಳೂರಿನವರು ಕೇಳಿದಾಗ ಕಳಿಸುವುದು.

ಪಟ್ಟಿಯಲ್ಲಿ ಹನ್ನೊಂದು ಮಂದಿ. ಎಲ್ಲರೂ ಓಮ್ದುರ್ಮಾನ್ ಊರಿನ ಒಂದೇ ಖಾರದಪುಡಿ ಗಿರಣಿಯವರು. ಮೊದಲ ಸಾಲಿನಲ್ಲಿ ಬ್ಯಾಡಗಿಯ ಕುತುಬುದ್ದೀನ, ಎರಡನೆಯದರಲ್ಲಿ ರಾಣೆಬೆನ್ನೂರಿನ ಜಟ್ಟೆಪ್ಪ, ಆಮೇಲೆ ಅಗಡಿಯವರು, ಉಳಿದವರು. ಕೊನೆಯ ಸಾಲಿನಲ್ಲಿ ಕದರಮಂಡಲಗಿಯ ನೀವು.

ನೀವು ನನ್ನ ಗಂಡ ಎಂದು ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಇಲ್ಲಿಯವರ ಮಟ್ಟಿಗೆ ನನ್ನ ಗಂಡ ರಾಣೆಬೆನ್ನೂರಿನಲ್ಲಿ ಯಾವುದೋ ಬೀಜದ ಕಂಪನಿಯಲ್ಲಿದ್ದಾನೆ. ಮತ್ತೇನು ಹೇಳಬೇಕಿತ್ತು? ನೀವು ಕಡಲು ದಾಟಿ ಹೋದದ್ದು ನಿಮ್ಮ ಅವ್ವನಿಗೆ ಗೊತ್ತು, ಗಿರಣಿಯ ಗೆಳೆಯರಿಗೆ ಗೊತ್ತು, ಬ್ಯಾಡಗಿ ಮಾರ್ಕೆಟ್ಟಿನ ಹಮಾಲರಿಗೆ ಗೊತ್ತು. ನನಗೆ ಹೇಳಿದವಳು ಕುತುಬುದ್ದೀನನ ಹೆಂಡತಿ, ಅದೂ ನೀವು ಹೋಗಿ ಒಂಬತ್ತು ದಿನ ಆದಮೇಲೆ, ಬಸ್‌ಸ್ಟ್ಯಾಂಡಿನಲ್ಲಿ. ನಿಮ್ಮವರು ಸುಡಾನಿಗೆ ಮುಟ್ಟಿದರಂತಲ್ಲ ಎಂದು ಕೇಳಿದಳು. ಹೂಂ, ಮುಟ್ಟಿದರು ಎಂದು ನಕ್ಕೆ. ಆ ನಗು ನಗುವಾಗ ನನಗೆಷ್ಟು ಉರಿದಿತ್ತು ಎಂಬುದು ನಿಮಗೆ ಇಂದಿಗೂ ಗೊತ್ತಾಗಿಲ್ಲ.

ಇರಲಿ. ಈಗ ಅದಲ್ಲ.

ಏಳು ದಿನ ಹನ್ನೊಂದು ಮಂದಿಯ ಸುದ್ದಿ ಕೇಳಿದೆ. ನಿಮ್ಮೊಬ್ಬರ ಜೊತೆ ನಾನು ಮಾತಾಡಲಿಲ್ಲ. ಕುತುಬುದ್ದೀನ ಪ್ರತಿ ಸಲವೂ ಇಲ್ಲೇ ಬಾಜೂಕ ಅದಾನ, ಫೋನ ಕೊಡ್ಲೇನ್ರಿ ಅಕ್ಕಾರ ಅನ್ನುತ್ತಿದ್ದ. ಬ್ಯಾಡ್ರಿ, ಆರಾಮ ಅದಾರೋ ಇಲ್ಲೋ ಅಷ್ಟ ಹೇಳ್ರಿ ಅನ್ನುತ್ತಿದ್ದೆ. ಅದಾನ ಅಂದರೆ ನಿಮ್ಮ ಸಾಲಿನಲ್ಲೂ ಒಂದು ಗುರುತು ಹಾಕುತ್ತಿದ್ದೆ. ಒಂದು ದಿನ ಅವನ ಮಾತಿನ ಹಿಂದೆ ಬಾಂಬಿನ ಸಪ್ಪಳ ಕೇಳಿತು. ಫೋನು ಕಡಿದುಹೋಯಿತು. ಮರುದಿನದವರೆಗೆ ನಾನು ಅನ್ನ ಮುಟ್ಟಲಿಲ್ಲ. ಇದನ್ನು ಹೊಗಳಿಸಿಕೊಳ್ಳಲು ಬರೆಯುತ್ತಿಲ್ಲ.

ಸೋಮವಾರ ಸಂಜೆ ಬೆಂಗಳೂರಿನ ಅಧಿಕಾರಿಯ ಫೋನು ಬಂತು. ಗಿರಣಿಯಿಂದ ಬಂದರಿಗೆ ಒಂದು ಬಸ್ಸು ಗೊತ್ತು ಮಾಡಿದ್ದೇವೆ, ನಸುಕಿಗೆ ಹೊರಡುತ್ತದೆ, ಹೆಸರಿದ್ದವರಿಗಷ್ಟೇ ಸೀಟು, ಲಗೂ ಓದ್ರಿ ಎಂದರು. ಅಂದು ನಮ್ಮಲ್ಲಿ ನೆಟ್ ಸತ್ತಿತ್ತು. ಪಟ್ಟಿ ಕಳಿಸಲು ಆಗದೆ ನಾನು ಬಾಯಿಂದ ಓದಿದೆ, ಅವರು ಬರೆದುಕೊಂಡರು. ಹತ್ತು ಹೆಸರು ಓದಿದೆ. ಹನ್ನೊಂದನೆಯದಕ್ಕೆ ಬಂದಾಗ ನಾಲಿಗೆ ಏಳಲಿಲ್ಲ.

ನಿಮಗೆ ಗೊತ್ತಲ್ಲ, ಮದುವೆಯಾದ ಮರುದಿನವೇ ಅತ್ತೆ ನನಗೆ ತಾಕೀತು ಮಾಡಿದ್ದರು. ಗಂಡನ ಹೆಸರು ಬಾಯಲ್ಲಿ ಬರಬಾರದು, ಬಂದರೆ ಒಡಪಿನಲ್ಲಿ ಮಾತ್ರ. ನಾಲ್ಕು ಸಾಲಿನ ಪದ ಕಟ್ಟಿ, ಅದರ ನಡುವೆ ಹೆಸರು ಬಚ್ಚಿಟ್ಟು, ಹೆಂಗಸರೆಲ್ಲ ನಗುವಾಗ ಹೇಳಿ ಮುಗಿಸಬೇಕು. ಕಲಿತವಳು ನಾನು, ಇದನ್ನೆಲ್ಲ ನಂಬುವವಳಲ್ಲ. ಆದರೂ ಸೋಮವಾರ ಆ ಹೆಸರು ಗಂಟಲಲ್ಲೇ ನಿಂತಿತು. ಒಂದು ಗಳಿಗೆ ತಡೆದೆ. ಅಷ್ಟರಲ್ಲಿ ಪಟ್ಟಿ ಮುಗಿಯಿತೆಂದುಕೊಂಡು ಅವರು ಫೋನು ಇಟ್ಟರು. ತಿರುಗಿ ಹಚ್ಚಿದೆ, ಹತ್ತಲಿಲ್ಲ. ಮರುದಿನ ಸಂಜೆ ಇನ್ನೊಂದು ಬಸ್ಸಿದೆ ಎಂದಿದ್ದರು. ಅದರಲ್ಲಿ ಬರುತ್ತೀರಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆ ಇನ್ನೊಂದು ಬಸ್ಸು ಬರಲೇ ಇಲ್ಲ. ಊರಿನಿಂದ ಹೊರಬೀಳುವ ಸೇತುವೆ ಮುಚ್ಚಿದರು.

ನಿನ್ನೆ ಬಂದರಿನಿಂದ ಕುತುಬುದ್ದೀನ ಫೋನು ಮಾಡಿದ. ಹತ್ತು ಮಂದಿ ಮುಟ್ಟಿದ್ದೇವೆ ಎಂದ. ಗಿರಣಿಯ ಬಾಗಿಲಲ್ಲಿ ಹೆಸರು ಕೂಗಿದರಂತೆ. ಹೆಗಲಿಗೆ ಚೀಲ ಹಾಕಿಕೊಂಡು ನೀವು ಹತ್ತನೆಯ ಹೆಸರಿನವರೆಗೂ ನಿಂತಿದ್ದಿರಂತೆ. ಇಂವಾ ನಮ್ಮಾಂವ ಎಂದು ಇವರೆಲ್ಲ ಬೇಡಿಕೊಂಡರೂ ಬಸ್ಸಿನ ಕಾವಲಿಗಿದ್ದ ಬಂದೂಕಿನವನು ಕೇಳಲಿಲ್ಲವಂತೆ. ಆಗ ನೀವು ಅಂದದ್ದನ್ನು ಅವನು ಹೇಳಿದ. ನಾನು ಅದನ್ನು ಇದ್ದ ಹಾಗೆ ಬರೆಯುತ್ತೇನೆ: ನೀವು ಹೋಗ್ರಿ, ನಂದು ಸಂಜೀ ಬಸ್ಸಿಗೆ ಇರಬೇಕು, ಆಕೀನ ಪಟ್ಟಿ ಮಾಡಾಕತ್ತಾಳಲ್ಲ, ಆಕಿ ತಪ್ಪಾಕಿ ಅಲ್ಲ.

ನಿಮ್ಮ ಫೋನು ಎಂದೋ ಸತ್ತಿತ್ತು. ಇದ್ದೊಂದು ಫೋನು ಕುತುಬುದ್ದೀನನದು, ಅದು ಅವನ ಜೊತೆ ಹೊರಟುಹೋಯಿತು. ನಿಮ್ಮ ಸಾಲಿನಲ್ಲಿ ಇಂದು ಇರುವ ಜಾಗ ಎಂಬ ಕಡೆ ಏನು ತುಂಬಲಿ? ಬೆಳಿಗ್ಗೆಯಿಂದ ಖಾಲಿ ಇದೆ.

೩೦ ಏಪ್ರಿಲ್, ಭಾನುವಾರ

ಶುಕ್ರವಾರ ನಿಮ್ಮ ಅವ್ವ ಕಚೇರಿಗೆ ಬಂದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅರ್ಧಕ್ಕೆ ಬಿಟ್ಟು, ಘಾಟು ಹತ್ತಿದ ಸೀರೆಯಲ್ಲೇ ಬಸ್ಸು ಹತ್ತಿದ್ದರು. ಬಾಗಿಲಲ್ಲೇ ನಿಂತು ನನ್ನ ಮಗ ಎಲ್ಲದಾನವಾ ಅಂದರು. ಎಲ್ಲರೂ ತಿರುಗಿ ನೋಡಿದರು. ಹಿರಿಯ ಗುಮಾಸ್ತ ಮಲ್ಲೇಶಪ್ಪನವರು ಕನ್ನಡಕ ತೆಗೆದು, ರಾಣೆಬೆನ್ನೂರಾಗ ಅಲ್ಲೇನವಾ ನಿಮ್ಮ ಮನಿಯವರು ಎಂದು ಮೆಲ್ಲಗೆ ಕೇಳಿದರು. ಎರಡು ವರ್ಷದ ಸುಳ್ಳು ಎರಡು ಮಾತಿನಲ್ಲಿ ಮುಗಿದುಹೋಯಿತು.

ಹೆಸರು ಹೇಗೆ ತಪ್ಪಿತು ಎಂದು ಎಲ್ಲರಿಗೂ ಹೇಳಿದೆ. ಮೇಲಿನವರಿಗೂ ಬರೆದುಕೊಟ್ಟೆ. ಯಾರೂ ಬೈಯಲಿಲ್ಲ. ಹೆಣ್ಣಮಕ್ಕಳ ಬಾಯಾಗ ಹೆಂಗ ಬರಬೇಕ್ರಿ ಎಂದು ಮಲ್ಲೇಶಪ್ಪನವರೇ ನನ್ನ ಪರ ಮಾತಾಡಿದರು. ಅತ್ತೆ ಮಾತ್ರ ನೆಲಕ್ಕೆ ಕೂತುಬಿಟ್ಟರು. ನಾನ ಕಲಿಸಿದ್ದು, ಈ ಸುಟ್ಟ ಬಾಯೀಲೆ ನಾನ ಕಲಿಸಿದ್ದು ಎಂದು ಬಾಯಿ ಬಾಯಿ ಬಡಿದುಕೊಂಡರು. ಒಡಪು ಹಾಕಿಯಾದರೂ ಹೇಳಬೇಕಿತ್ತಲ್ಲವ್ವಾ ನೀ ಎಂದು ನನ್ನ ಗದ್ದ ಹಿಡಿದು ಅತ್ತರು. ನಾನು ಅವರ ಕೈ ಹಿಡಿದು ಬಿಡಿಸಿದೆ. ಅಂದಿನಿಂದ ಅವರು ನನ್ನ ಖೋಲಿಯಲ್ಲೇ ಇದ್ದಾರೆ, ಸರಿಯಾಗಿ ಉಣ್ಣುತ್ತಿಲ್ಲ.

ನಿನ್ನೆ ಕುತುಬುದ್ದೀನ ಒಂದು ನಂಬರು ಕಳಿಸಿದ. ಅತ್ಬಾರಾ ಎಂಬ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಹ್ಸಾನ್ ಎಂಬ ಹೆಣ್ಣುಮಗಳು ಕೂತಿದ್ದಾಳೆ. ಊರು ಬಿಟ್ಟು ಬರುವವರು ದಿನಕ್ಕೆ ಎಷ್ಟು, ಎಲ್ಲಿಂದ ಬಂದರು, ಮುಂದೆಲ್ಲಿಗೆ ಎಂದು ಬರೆದಿಡುವುದು ಅವಳ ಕೆಲಸ. ಪುಣೆಯಲ್ಲಿ ಕಾಲೇಜು ಓದಿದವಳು, ನನಗಿಂತ ಚೆಂದ ಹಿಂದಿ ಮಾತಾಡುತ್ತಾಳೆ. ಗಿರಣಿಯ ಕಡೆಯಿಂದ ಒಬ್ಬರು ಬಂದಿರಬಹುದೇ ಎಂದು ಕೇಳಿದೆ. ತಂಗಿ, ನಾವು ತಲೆ ಎಣಿಸುತ್ತೇವೆ, ಹೆಸರು ಬರೆಯುವುದಿಲ್ಲ ಎಂದಳು. ಆ ದಾರಿಯಿಂದ ನಿನ್ನೆ ಒಂದೇ ದಿನ ನಾನೂರ ಹನ್ನೆರಡು ಮಂದಿ ಬಂದಿದ್ದರಂತೆ. ಅದರಲ್ಲಿ ನಿನ್ನವನನ್ನು ಎಲ್ಲಿ ಹುಡುಕಲಿ ಎಂದಳು. ಅವಳದೂ ಮನೆ ಹೋಗಿದೆಯಂತೆ. ಅದನ್ನು ಅವಳು ನೀರಿನ ಸುದ್ದಿ ಹೇಳಿದಷ್ಟೇ ಸಾದಾ ಹೇಳಿದಳು.

ಗುರುತು ಹೇಳು ಅಂದಳು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾರೆ ಅಂದೆ. ಇಲ್ಲಿ ಎಲ್ಲರೂ ಕಾಲು ಎಳೆದೇ ಬರುತ್ತಾರೆ ಅಂದಳು. ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ ಖಾರದ ಕೆಂಪು ಹೋಗುವುದಿಲ್ಲ ಅಂದೆ. ಅದಾಗಬಹುದು ಎಂದಳು. ಆಮೇಲೆ ಹೆಸರು ಕೇಳಿದಳು. ನಾನು ಹೇಳಿದೆ. ಕೇಳಿಸಲಿಲ್ಲ, ಇನ್ನೂ ಗಟ್ಟಿಯಾಗಿ ಅಂದಳು. ಕಚೇರಿಯ ಗೋಡೆಗೆ ಬಡಿಯುವ ಹಾಗೆ ಮೂರು ಸಲ ಹೇಳಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು, ಬೇಡವೆನ್ನಲಿಲ್ಲ.

ಇಂದು ಹನ್ನೊಂದು ಗಂಟೆಗೆ ಅವಳ ಫೋನು ಬಂತು. ಜನರನ್ನು ಇಳಿಸಿದ ಶಾಲೆಗೆ ಹೋಗಿ ಕೋಣೆ ಕೋಣೆಯ ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಕೂಗಿದಳಂತೆ. ನಾಲ್ಕನೆಯ ಕೋಣೆಯಲ್ಲಿ ಗಡ್ಡ ಬಿಟ್ಟ ಒಬ್ಬ ಮನುಷ್ಯ ಎದ್ದು ನಿಂತನಂತೆ. ಗಿರಣಿಯ ಕಾವಲುಗಾರನ ಮನೆಯವರ ಜೊತೆ ಒಂದೂವರೆ ದಿನ ನಡೆದು, ಆಮೇಲೆ ಉಳ್ಳಾಗಡ್ಡಿ ಲಾರಿಯಲ್ಲಿ ಬಂದಿರಂತೆ. ಇದನ್ನು ಕೇಳಿ ಅತ್ತೆ ಕದರಮಂಡಲಗಿ ದಿಕ್ಕಿಗೆ ತಿರುಗಿ ಹನುಮಪ್ಪನಿಗೆ ಕೈ ಮುಗಿದರು. ನಾನು ಇರುವ ಜಾಗ ಎಂಬ ಕಡೆ ಅತ್ಬಾರಾ ಎಂದು ತುಂಬಿದೆ. ಮೂರು ಅಕ್ಷರ ತುಂಬಲು ನನಗೆ ಐದು ನಿಮಿಷ ಹಿಡಿಯಿತು.

ಇಹ್ಸಾನ್ ಫೋನು ನಿಮ್ಮ ಕೈಗೆ ಕೊಡುತ್ತೇನೆ ಅಂದಳು. ನಾನು ಅತ್ತೆಯ ಕೈಗೆ ಕೊಟ್ಟೆ. ನನಗೆ ಧೈರ್ಯ ಸಾಲಲಿಲ್ಲ.

೫ ಮೇ, ಶುಕ್ರವಾರ

ಅತ್ಬಾರಾದಿಂದ ಬಂದರಿಗೆ, ಅಲ್ಲಿಂದ ವಿಮಾನದಲ್ಲಿ, ನೀವು ನಿನ್ನೆ ಬೆಂಗಳೂರಿಗೆ ಇಳಿದಿರಿ. ನಾಳೆ ಮಧ್ಯಾಹ್ನದ ರೈಲಿಗೆ ಬರುತ್ತೀರಿ ಎಂದು ನಿಮ್ಮ ಅವ್ವನಿಗೆ ಹೇಳಿದ್ದೀರಿ. ಈ ಪತ್ರವನ್ನು ಜಟ್ಟೆಪ್ಪನ ಕೈಗೆ ಕಳಿಸುತ್ತಿದ್ದೇನೆ. ಅವನು ಊರು ಮುಟ್ಟಿ ನಾಲ್ಕು ದಿನವಾಯಿತು. ನಿಮ್ಮನ್ನು ಬಿಟ್ಟು ಬಂದೆನೆಂಬ ಸಂಕಟದಲ್ಲಿ ಮನೆಯಿಂದ ಹೊರಗೇ ಬಿದ್ದಿಲ್ಲವಂತೆ. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ನೀವಿರುವ ರೈಲು ಡಬ್ಬಿ ಹುಡುಕಿ ಇದನ್ನು ಕೊಡುತ್ತಾನೆ. ಅಲ್ಲಿಂದ ಬ್ಯಾಡಗಿಗೆ ಅರ್ಧ ತಾಸೂ ಇಲ್ಲ, ಲಗೂ ಓದಿ. ಅತ್ತೆಯೂ ನಾನೂ ಬ್ಯಾಡಗಿ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇವೆ. ಕುತುಬುದ್ದೀನ ರಿಕ್ಷಾ ತರುತ್ತಾನೆ.

ಕೆಲಸ ಬಿಡು ಎಂದು ನೀವು ಮತ್ತೆ ಹೇಳಿದರೆ ಮತ್ತೆ ಜಗಳವಾಡುತ್ತೇನೆ. ಅದರಲ್ಲಿ ಬದಲಿಲ್ಲ. ಆದರೆ ಜಗಳವಾಡಲು ಎದುರಿಗೆ ಮನುಷ್ಯ ಬೇಕು ಎಂಬುದು ಈ ಹತ್ತು ದಿನದಲ್ಲಿ ತಿಳಿಯಿತು.

ನಿಮ್ಮ
ಸುಚಿತ್ರಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಒಂದು ಖರೇ ಅಲ್ಲ. ಬೆಂಗಳೂರಿನವರು ಫೋನು ಇಟ್ಟಿರಲಿಲ್ಲ. ಹತ್ತು ಹೆಸರು ಬರೆದುಕೊಂಡು, ಇನ್ನೊಬ್ರು ಯಾರರ ಅದಾರೇನ್ರಿ, ಒಂದು ಸೀಟು ಖಾಲಿ ಐತಿ ಎಂದು ಕೇಳಿದರು. ಇಲ್ರಿ ಸರ್, ಮುಗೀತು ಎಂದೆ. ನಾನು ತಿರುಗಿ ಹಚ್ಚಿಯೂ ಇರಲಿಲ್ಲ. ನಾಲಿಗೆ ತಡೆದದ್ದಲ್ಲ. ಗ್ಯಾಸಿನವನ ಮುಂದೆ, ಬ್ಯಾಂಕಿನವರ ಮುಂದೆ, ಬೈಯುವಾಗ ಗೋಡೆಯ ಮುಂದೆ, ಎಷ್ಟೋ ಸಲ ಆ ಹೆಸರು ಹೇಳಿದ್ದೇನೆ. ಆ ಗಳಿಗೆಯಲ್ಲಿ ನನಗೆ ಬಸ್‌ಸ್ಟ್ಯಾಂಡು ನೆನಪಾಯಿತು, ನಾನು ನಕ್ಕ ನಗು ನೆನಪಾಯಿತು. ಒಂದು ದಿನ ಕಾಯಲಿ, ಕಾಯುವುದು ಹೇಗಿರುತ್ತದೆ ಗೊತ್ತಾಗಲಿ ಅಂದುಕೊಂಡೆ. ಒಂದೇ ದಿನ ಅಂದುಕೊಂಡಿದ್ದೆ. ಇದನ್ನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿಮ್ಮ ಅವ್ವ ಇಂದಿಗೂ ತನ್ನ ಬಾಯಿಗೆ ತಾನೇ ಬಡಿದುಕೊಳ್ಳುತ್ತಿದ್ದಾರೆ, ನನಗೆ ನೋಡಲಾಗುತ್ತಿಲ್ಲ. ನಾಳೆ ಸ್ಟೇಷನ್ನಿಗೆ ಹೊರಡುವ ಮೊದಲು ಅವರಿಗೂ ಹೇಳುತ್ತೇನೆ. ಓದಿದ ಮೇಲೆ ನನ್ನ ಮುಖ ನೋಡಬಾರದು ಅನ್ನಿಸಿದರೆ ಬ್ಯಾಡಗಿಯಲ್ಲಿ ಇಳಿಯಬೇಡಿ, ಹಾವೇರಿಯವರೆಗೆ ಕೂತೇ ಹೋಗಿ, ಅತ್ತೆಯನ್ನು ಕುತುಬುದ್ದೀನನ ರಿಕ್ಷಾದಲ್ಲಿ ಅಲ್ಲಿಗೇ ಕಳಿಸುತ್ತೇನೆ. ಆದರೆ ರೈಲು ನಿಲ್ಲುವ ಎರಡು ನಿಮಿಷ ನಾನು ಡಬ್ಬಿ ಡಬ್ಬಿಯ ಮುಂದೆ ಹೋಗಿ, ಅತ್ತೆಯ ಎದುರಿಗೇ, ಒಡಪು ಗಿಡಪು ಏನೂ ಇಲ್ಲದೆ ಮೈಲೇಶ, ಮೈಲೇಶ ಎಂದು ಕೂಗುತ್ತೇನೆ. ಹೆಸರು ಓದಲಿಲ್ಲ ಎಂದು ಈ ಸಲ ಹೇಳಬೇಡಿ.