ಮಡ್ಡಿ ಉಳಿಯಿತು, ಹೊನ್ನೂರಸ್ವಾಮಿ

ಹೂವಿನಹಡಗಲಿ
20 ಜುಲೈ 2025

ಗೆಳೆಯ ಹೊನ್ನೂರಸ್ವಾಮಿಗೆ,

ಪಂಚಾಕ್ಷರಪ್ಪನ ನಮಸ್ಕಾರ. ಬಳ್ಳಾರಿಯಲ್ಲಿ ನೀನು, ಶಿವಗಂಗಮ್ಮ ಇಬ್ಬರೂ ಕ್ಷೇಮವೆಂದು ನಂಬಿದ್ದೇನೆ. ಎರಡು ತಿಂಗಳಿಂದ ನಿನಗೆ ಬರೆಯಬೇಕೆಂದು ಹಾಳೆ ತೆಗೆದಿಡುವುದು, ಮೊಮ್ಮಗಳು ಅದರ ಮೇಲೆ ನವಿಲು ಬರೆದುಬಿಡುವುದು, ಹೀಗೇ ತಡವಾಯಿತು. ಇದು ನೆಪ. ನಿಜವೆಂದರೆ ಧೈರ್ಯ ಬರಲಿಲ್ಲ. ಫೋನಂತೂ ನೀನು ಎತ್ತುವುದಿಲ್ಲ. ಈ ಪತ್ರವನ್ನಾದರೂ ಪೂರ್ತಿ ಓದು. ಸಿಟ್ಟು ಬಂದರೆ ಓದಿದ ಮೇಲೆ ಹರಿ.

ಮೊದಲು ಒಳ್ಳೆಯ ಸುದ್ದಿ. ಹೋದ ವಾರ ಮೂರು ದಿನ ಮಳೆ ಬಿಟ್ಟುಬಿಟ್ಟು ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ನಿನ್ನ ತಂಗಿ ಗಿಡ್ಡಮ್ಮ ಮೊಗ್ಗು ಬಿಡಿಸುವುದನ್ನು ಅಲ್ಲಿಗೇ ಬಿಟ್ಟು ನನ್ನನ್ನು ಕೂಗಿದಳು. "ಅಣ್ಣಾ, ಬಾವಿ ನೋಡ್ ಬರ್ರಿ. ನೀರು ಐದು ಮೆಟ್ಲು ಏರೈತಿ." ಹೋಗಿ ನೋಡಿದರೆ ಐದಲ್ಲ, ಆರು. ಅವಳ ಅರ್ಧ ಎಕರೆ ಮಲ್ಲಿಗೆ ಈ ವರ್ಷ ಬದುಕಿಕೊಂಡಿತು. ಅವಳ ಬಾಯಲ್ಲಿ ನಗು ನೋಡಿ ಬಹಳ ದಿನವಾಗಿತ್ತು.

ಹೋದ ವರ್ಷ ನಮ್ಮ ಪಕ್ಕದ ಮಡ್ಡಿ, ಆ ಹುಲ್ಲು ದಿಬ್ಬ, ಲೇಔಟ್ ಆದಾಗ ಏನಾಯಿತೆಂದು ನಿನಗೆ ಗೊತ್ತು. ರಸ್ತೆ, ಕಾಂಕ್ರೀಟ್ ಚರಂಡಿ ಆದ ಮೇಲೆ ಬಿದ್ದ ಮಳೆ ಒಂದು ಗಳಿಗೆ ನಿಲ್ಲದೆ ಕೆಂಪಗೆ ಹರಿದು ಪೇಟೆಯ ಕಡೆ ಹೋಯಿತು, ಕೆರೆಗೆ ಬರಲಿಲ್ಲ. ಕೆರೆ ಕೆಳಗಿನ ನಾಲ್ಕು ಬಾವಿಗಳು ಯುಗಾದಿಗೆ ಮೊದಲೇ ತಳ ಕಂಡವು. ಈ ವರ್ಷ ಅದೇ ಲೇಔಟಿನವನು ಕೆರೆಯ ಮೇಲಿರುವ ನಮ್ಮ ಹನ್ನೊಂದು ಎಕರೆ ಮಡ್ಡಿಗೂ ಬಂದ. ನನ್ನ ಮಗ ಸೋಮಶೇಖರ ಒಪ್ಪಿದ. ನಾನೂ ಒಪ್ಪಿದ್ದೆ, ಸುಳ್ಳೇಕೆ ಹೇಳಲಿ. ಕಾಗದಪತ್ರ ಇನ್ನೂ ಆಗಿರಲಿಲ್ಲ, ಆದರೆ ಅವನು ಕಲ್ಲು ನೆಟ್ಟು ನಕ್ಷೆಯನ್ನೂ ತೋರಿಸಿದ. ಇಪ್ಪತ್ತೇಳನೆಯ ನಂಬರಿನ ಮೂಲೆ ಜಾಗವನ್ನು ನೀನು ಹಿಡಿದೆ.

ಆ ದಿನ ನೀನು ಹೆಜ್ಜೆ ಹಾಕಿ ಅಳೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಇದು ಅಡಗಿ ಮನಿ. ಇಲ್ಲಿ ಕಟ್ಟಿ. ದಿನಾ ಸಂಜಿಕ ನೀ ಇಲ್ಲೇ ಬಂದು ಕುಂದ್ರಬೇಕು ಲೇ. ಬರೋ ವರ್ಷ ಬುದ್ಧ ಪೂರ್ಣಿಮಿಗೆ ಒಳಗ ಹೋಗೋಣು" ಅಂದೆ. ಶಿವಗಂಗಮ್ಮ ಥರ್ಮಾಸಿನಲ್ಲಿ ತಂದ ಚಹಾವನ್ನು ಇಲ್ಲದ ಕಟ್ಟೆಯ ಮೇಲೆ ಕೂತು ಕುಡಿದೆವು. ಮೂವತ್ತೈದು ವರ್ಷ ಊರೂರು ತಿರುಗಿ ಕರೆಂಟಿನ ತಂತಿ ಎಳೆದವನು ಕೊನೆಗಾಲಕ್ಕೆ ನಾನು ಕೂಗಿದರೆ ಓಗೊಡುವಷ್ಟು ದೂರದಲ್ಲಿ ಇರುತ್ತಾನೆ ಎಂದು ನಾನು ಒಳಗೊಳಗೇ ಹಿಗ್ಗಿಹೋಗಿದ್ದೆ.

ಆಮೇಲೆ ಮೇ ತಿಂಗಳ ಮೊದಲ ಮಳೆ ಬಂತು. ನಿಮ್ಮಪ್ಪ ಉಚ್ಚಂಗೆಪ್ಪ ಕೆರೆಯ ತೂಬು ಕಾಯುವ ನೀರಗಂಟಿಯಾಗಿದ್ದಾಗ ಮೊದಲ ಮಳೆ ನಿಂತ ಕೂಡಲೇ ಚಪ್ಪಲಿ ಕೈಯಲ್ಲಿ ಹಿಡಿದು ಮಡ್ಡಿಯ ತುಂಬ ನಡೆಯುತ್ತಿದ್ದನಲ್ಲ, ನಾವಿಬ್ಬರೂ ಅವನ ಹಿಂದೆ. "ಕಾಲಿಗೆ ಮೆತ್ತಗ ಹತ್ತಿದಲ್ಲಿ ನೀರು ಒಳಗ ಇಳಿಯಾಕತ್ತೈತಿ. ಅಲ್ಲಿ ದನಾ ತುಳಿಸಬ್ಯಾಡ್ರಿ, ಬಾವಿ ಸಾಯ್ತಾವ" ಅನ್ನುತ್ತಿದ್ದ. ಈ ಸಲ ಮಳೆಯ ಮರುದಿನ ನಾನೂ ಬರಿಗಾಲಲ್ಲಿ ನಡೆದೆ. ಎಲ್ಲಕ್ಕಿಂತ ಮೆತ್ತಗಿದ್ದದ್ದು ನಿನ್ನ ಇಪ್ಪತ್ತೇಳನೆಯ ನಂಬರು. ಹಿಮ್ಮಡಿಯವರೆಗೂ ಕಾಲು ಹುಗಿಯಿತು. ಅಲ್ಲೇ ನಿಂತು ಅತ್ತೆ, ಮಾರಾಯ.

ವಾರದೊಳಗೆ ಮಡ್ಡಿಯನ್ನು ಕೆರೆ ಸಂಘಕ್ಕೆ ದಾನಪತ್ರ ಮಾಡಿಕೊಟ್ಟೆ. ಹುಲ್ಲು, ಗಿಡ ಬಿಟ್ಟರೆ ಯಾವ ಕಾಲಕ್ಕೂ ಅಲ್ಲಿ ಒಂದು ಗೋಡೆ ಏಳಬಾರದು ಎಂದು ಬರೆಸಿದೆ. ಸೋಮು ಹದಿನೈದು ದಿನ ಮಾತು ಬಿಟ್ಟ. ಅವನಿಗೆ ಮುಂಚೆ ಹೇಳಿದ್ದೆ, ಸಂಘದವರಿಗೆ ಹೇಳಿದ್ದೆ, ನಿನಗೆ ಮಾತ್ರ ಹೇಳಲಿಲ್ಲ. ನೀರಗಂಟಿಯ ಮಗ, ಎಲ್ಲರಿಗಿಂತ ಮೊದಲು ಇವನೇ ಭೇಷ್ ಅನ್ನುತ್ತಾನೆ ಎಂದು ನನ್ನಷ್ಟಕ್ಕೆ ನಾನೇ ತಿಳಿದುಕೊಂಡೆ. ಊರ ನೀರಿನ ಚಾಕರಿಯನ್ನು ನಿಮ್ಮ ಮನೆತನದ ಹಣೆಗೆ ಬರೆದಿಟ್ಟವರ ಹಾಗೆ.

ನೀನು ಫೋನಿನಲ್ಲಿ ಅಂದದ್ದು ಒಂದಕ್ಷರವೂ ಮರೆತಿಲ್ಲ. "ನಮ್ಮಪ್ಪ ಸಾಯೋತನಕ ನಿಮ್ಮ ಬಾವಿ ಕಾದ, ಪಂಚಾಕ್ಷರಿ. ಈಗ ನಾನೂ ಕಾಯ್ಬೇಕೇನು? ಊರಾಗ ಎಷ್ಟು ಓಣಿ ತಿರುಗೀನಿ. ನೀವು ಯಾರ ಪೈಕಿ ಅಂತ ಕೇಳಿ, ಜಾಗ ಮಾರಿ ಹೋಗೈತಿ ಅಂದ್ರು. ಆ ಲೇಔಟಿನಾವ ಒಬ್ಬನೇ ಕೇಳ್ಲಿಲ್ಲ ನೋಡು." ಅಷ್ಟು ಹೇಳಿ ನೀನು ಫೋನಿಟ್ಟೆ.

ಈಗ ಸಂಘದವರು ಮಡ್ಡಿಯಲ್ಲಿ ಹೊಂಗೆ, ಬೇವು ನೆಟ್ಟಿದ್ದಾರೆ. ಕಲ್ಲುಗಳನ್ನು ಕಿತ್ತು ಬದುವಿಗೆ ಹಾಕಿದ್ದಾರೆ. ಸಂಜೆ ಹೋಗಿ ಕೂರುತ್ತೇನೆ. ಮಾತು ಬಂದರೆ ಪಕ್ಕಕ್ಕೆ ತಿರುಗುತ್ತೇನೆ, ಅಲ್ಲಿ ಯಾರೂ ಇರುವುದಿಲ್ಲ. ಮಡ್ಡಿ ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಾಳೆ ಕೇಳಿದರೂ ಕೊಡುತ್ತೇನೆ. ಆದರೆ ನೀನು ಊರಿಗೆ ಬರಬೇಕಿತ್ತು ಎಂಬ ಆಸೆ ಹೋಗುವುದಿಲ್ಲ. ಒಂದು ದಿನಕ್ಕಾದರೂ ಬಾ. ಜಗಳ ಆಡಲಿಕ್ಕಾದರೂ ಬಾ.

ಶಿವಗಂಗಮ್ಮನ ಮೊಣಕಾಲು ನೋವು ಕಡಿಮೆಯಾಗಲಿ. ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ನಿನ್ನ ಬುದ್ಧ, ನನ್ನ ಬಸವಣ್ಣ ಇಬ್ಬರೂ ಸೇರಿ ನಿನ್ನನ್ನು ಕಾಯಲಿ.

ನಿನ್ನ,
ಪಂಚಾಕ್ಷರಿ

ತಾ.ಕ.: ಒಂದು ಮಾತನ್ನು ಬೇಕೆಂದೇ ಮೇಲೆ ಬರೆಯಲಿಲ್ಲ. ದಾನಪತ್ರದ ಹಿಂದಿನ ದಿನ ಸೋಮು ಕೇಳಿದ್ದ. "ಅಪ್ಪಾ, ಹಂಗಾದ್ರ ನಮ್ಮ ಮನಿ ಮಗ್ಗಲದ ಹಳೇ ಕಣದ ಜಾಗಾನ ಹೊನ್ನೂರಸ್ವಾಮಿ ಕಾಕಾಗ ಕೊಡೋಣಲ್ಲ, ಖಾಲಿ ಬಿದ್ದೈತಿ." ನಾನು, "ಓಣ್ಯಾಗ ಮಂದಿ ಏನಂತಾರ" ಅಂದೆ. ಓಣಿಯ ಮಂದಿ ಏನೂ ಅಂದಿರಲಿಲ್ಲ, ಅವರನ್ನು ಯಾರೂ ಕೇಳಿರಲೂ ಇಲ್ಲ. ಅಂದವನು ನಾನು. ಗಿಡ್ಡಮ್ಮ ಪಡಸಾಲೆಯ ಹೊರಗೆ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿ ಇಟ್ಟು ಹೋದಳು. ನಿನಗೆ ಹೇಳಿರುತ್ತಾಳೆ, ಅದಕ್ಕೇ ನೀನು ಫೋನು ಎತ್ತುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ಕೇಳಿದರೆ, "ನಾ ಯಾಕ ಹೇಳ್ಲಿ ಅಣ್ಣಾ, ನೀವ ಹೇಳ್ರಿ" ಅಂದಳು. ಹೇಳಿದ್ದೇನೆ. ಹನ್ನೊಂದು ಎಕರೆ ಕೊಡಲು ಒಂದು ವಾರ ಸಾಕಾಯಿತು ನನಗೆ. ಕಣದ ಜಾಗವನ್ನು ನೀನು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ನಾನು ಏನನ್ನುತ್ತೇನೆಂದು ನಿನಗೆ ನನಗಿಂತ ಮೊದಲೇ ಗೊತ್ತಿತ್ತು, ಅಲ್ಲವೇ?