ಎಪ್ಪತ್ತನೆಯ ತಗಡು

ಮಾರ್ಚ್ ೪
ಇಂದೂ ಹಡಗಿನ ನೂರಾ ಹನ್ನೆರಡು ತಗಡು ಸುತ್ತಿಗೆಯಿಂದ ಬಡಿದೆ. ಗಟ್ಟಿ ತಗಡು ಗಂಟೆಯಂತೆ ಮೊಳಗುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಮೂವತ್ತೆಂಟು ವರ್ಷದಿಂದ ಇದೇ ಕೆಲಸ. ಮಷೀನುಗಳಿವೆ. ಆದರೆ ಯುದ್ಧದ ಹಡಗಿಗೆ ಈಗ ಸ್ವಂತ ಬುದ್ಧಿ. ಮಷೀನಿನ ಲೆಕ್ಕವನ್ನು ಅದು ತಿರುಚಬಲ್ಲದು, ಸುತ್ತಿಗೆಯನ್ನಲ್ಲ. ಅದಕ್ಕೇ ಕಡೆಯ ಸಹಿ ನನ್ನದು.
ಬುದ್ಧಿಯ ಜೊತೆ ಬಾಯಿಯೂ ಇದೆ. ಮಾತು ತಗಡಿನೊಳಗಿಂದಲೇ ಬರುತ್ತದೆ.
"ಅಜ್ಜಾ, ಮೆಲ್ಲಗೆ. ಕಚಗುಳಿ ಆಗತ್ತೆ."
"ಬಾಯ್ಮುಚ್ಕೊಂಡು ನಿಂತ್ಕೋ."

ಮಾರ್ಚ್ ೫
ಮಗಳು ಇದೇ ಹಡಗಿನ ಎಂಜಿನ್ ರೂಮಿನಲ್ಲಿದ್ದಾಳೆ. ಮಧ್ಯಾಹ್ನ ಡಬ್ಬಿ ತಂದಳು. ಏನೋ ಕೇಳಿದಳು, ಹೂಂ ಅಂದೆ.
"ಅಪ್ಪಾ, ಯಾವ ಶರ್ಟು ಒಗೀಲಿ ಅಂದ್ರೆ ಹೂಂ ಅಂತೀಯಲ್ಲ!" ಎಂದು ಜೋರಾಗಿ ನಕ್ಕಳು.
ನಗಲಿ. ಕಿವಿ ಹೋಗಿ ವರ್ಷವಾಯಿತು. ಹೇಳಿದರೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಏನು ಗೋಡೆ ಬಡಿಯಲೇ? ಹಡಗಿನ ಮಾತು ಮಾತ್ರ ಸ್ಪಷ್ಟ. ಬಡಿದಾಗಲೆಲ್ಲ "ಗಟ್ಟಿ ಇದೆ ಅಜ್ಜ" ಅನ್ನುತ್ತದೆ. ಹಾಗೇ ಬರೆದುಕೊಳ್ಳುತ್ತೇನೆ.

ಮಾರ್ಚ್ ೯
ಸುದ್ದಿ ಕೆಟ್ಟದು. ಇದೇ ನಕ್ಷೆಯ ಮೊದಲ ಹಡಗು ಶತ್ರುಗಳ ನಡುವೆ ಸಿಕ್ಕಿಬಿದ್ದಿದೆ. ಇದು ಅದನ್ನು ಅಕ್ಕ ಅನ್ನುತ್ತದೆ. ಅದರ ನೆರವಿಗೆ ನಮ್ಮದು ನಾಳೆ ಹೊರಡಬೇಕಂತೆ.
ಎಪ್ಪತ್ತನೆಯ ತಗಡು. ಬಡಿದಾಗ ಅಂಗೈಗೆ ಬಂದ ನಡುಕ ಯಾಕೋ ಸರಿ ಅನ್ನಿಸಲಿಲ್ಲ. ಕಿವಿ ಹೋದರೂ ಮೂಳೆಗೆ ಕೇಳುತ್ತದೆ. ಸಲಾಕೆಯ ತುದಿ ತಗಡಿಗಿಟ್ಟು, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ ಬಡಿದೆ. ತಲೆಯೊಳಗೆ ಒಡೆದ ಮಡಕೆ.
"ಇದು ಯಾವಾಗಿಂದ?"
"...ಹೋದ ಸಲದಿಂದ."
"ಗಟ್ಟಿ ಇದೆ ಅಂದ್ಯಲ್ಲೇ, ಕಳ್ಳಿ!"
"ನಿಮಗೆ ಕೇಳಿಸಲ್ಲ ಅಂತ ನಂಗೊತ್ತು ಅಜ್ಜ. ವರ್ಷದಿಂದ ನಿಮ್ಮತ್ರ ಜೋರಾಗಿ ಮಾತಾಡ್ತಿದೀನಿ. ಯಾರಿಗೂ ಹೇಳಿಲ್ಲ. ನೀವೂ ಈ ಬಿರುಕಿನ ವಿಷ್ಯ ಹೇಳ್ಬೇಡಿ. ಅಲ್ಲಿ ಅಕ್ಕ ಒಬ್ಬಳೇ ಇದಾಳೆ."
"ನಿನ್ನ ಹೊಟ್ಟೇಲಿ ನನ್ನ ಮಗಳಿದಾಳೆ."
"ಗೊತ್ತು."

ಮಾರ್ಚ್ ೧೦, ಬೆಳಿಗ್ಗೆ ಏಳು
ರಿಜಿಸ್ಟರಿನಲ್ಲಿ ಬರೆದೆ — ಎಪ್ಪತ್ತು, ಬಿರುಕು. ಎಂಜಿನಿಯರ್ ಹಳೆಯ ಹಾಳೆ ತಿರುವಿದ.
"ಹೋದ ಸಲ ಗಟ್ಟಿ ಅಂತ ನೀವೇ ಸಹಿ ಹಾಕಿದೀರಲ್ಲ ಯಜಮಾನ್ರೇ?" ಅವನು ಎರಡು ಸಲ ಕೂಗಿ ಹೇಳಬೇಕಾಯಿತು.
"ಆಗ್ಲೂ ಕಿವುಡಾಗಿದ್ದೆ."
ಎದೆಯ ಮೇಲಿನ ಕೆಲಸದ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಹಡಗು ಹೊರಡುವುದು ನಿಂತಿತು. ಮಗಳು ಇಳಿದಳು, ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೪
ಅಕ್ಕ ಮುಳುಗಿದಳು. ಇನ್ನೂರ ಆರು ಜನ.
ಅವಳಿಗೂ ಹೋದ ವರ್ಷ ನಾನೇ ಸಹಿ ಹಾಕಿದ್ದು.

ಮಾರ್ಚ್ ೧೬
ಸುತ್ತಿಗೆ ಒಪ್ಪಿಸಲು ಡಾಕ್‌ಗೆ ಹೋದೆ. ಹೊಸ ತಗಡು ಕೂರಿಸಿದ್ದಾರೆ. ಹಡಗು ಎರಡು ದಿನದಿಂದ ಯಾರೊಂದಿಗೂ ಮಾತಾಡಿಲ್ಲವಂತೆ. ಸಲಾಕೆ ಕಚ್ಚಿ ನಿಂತೆ. ಹಡಗುಗಳು ತಮ್ಮತಮ್ಮಲ್ಲಿ ಎಲ್ಲ ಹೇಳಿಕೊಳ್ಳುತ್ತವೆ, ನನಗೆ ಗೊತ್ತು. ಅಕ್ಕನ ತಗಡಿನ ನಿಜ ಹೇಳು ಅಂದೆ.
ಹಲ್ಲಿಗೆ ಮಾತು ಬಂತು, ಮೆಲ್ಲಗೆ.
"ಅಕ್ಕನೂ ನಿಮಗೆ ಗಟ್ಟಿ ಇದೆ ಅಂತಾನೇ ಹೇಳಿದ್ಲು ಅಜ್ಜ."
ಎಷ್ಟನೆಯ ತಗಡು ಎಂದು ಕೇಳಿದೆ. ಹೇಳಿತು. ರಿಜಿಸ್ಟರ್ ಈಗ ನನ್ನ ಕೈಯಲ್ಲಿಲ್ಲ, ಇಲ್ಲೇ ಬರೆದಿಡುತ್ತೇನೆ. ತಗಡು ನಂಬರು ಎಪ್ಪತ್ತು, ಬಿರುಕು.